ಫಾರ್ಮ್ಯಾಟ್ ಆಯ್ತು, ನೆಟ್ ಹೋಯ್ತು

“ಫಾರ್ಮ್ಯಾಟ್ ಹೊಡಿಸೀವ್ರಿ ಸರ, ಆವಾಗಿಂದ ನೆಟ್ ಬರವಲ್ದು.”

ಗಂಗಾವತಿಯ ನನ್ನ ಅಂಗಡಿಗೆ ಬರುವ ಫೋನುಗಳಲ್ಲಿ ಈಗ ಈ ಮಾತೇ ಜಾಸ್ತಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ಅಲ್ಲಿಂದ ಈ ಸಾಲು ಬೆಳೆಯಿತು. ಕಂಪ್ಯೂಟರ್ ಸ್ವಲ್ಪ ಹೊಸದಿದ್ದವರು 11ಕ್ಕೆ ಹೋದರು. ಹನ್ನೊಂದು ಕೇಳುವ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ಹಳೇದು ಅನ್ನಿಸಿಕೊಂಡವರಲ್ಲಿ ಕೆಲವರು ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದರು. ಇನ್ನು ಕೆಲವರು ಯಾರದೋ ಪೆನ್‌ಡ್ರೈವಿನಲ್ಲಿದ್ದ ‘ಲೈಟ್’ ವಿಂಡೋಸ್ ಹಾಕಿಕೊಂಡರು. ಅದರ ವಿಷಯ ಮುಂದೆ ಹೇಳ್ತೀನಿ.

ನೆಟ್ ಹೋಯ್ತು ಅಂತಾರೆ. ಪಕ್ಕದಲ್ಲಿರುವ ಫೋನಿನಲ್ಲಿ ಅದೇ ವೈಫೈ ಆರಾಮಾಗಿ ಓಡುತ್ತಿರುತ್ತದೆ. ಹಳೇ ವಿಂಡೋಸಿಗೆ ಗೊತ್ತಿದ್ದ ಯಾವುದೋ ಒಂದು ಸಂಗತಿ ಹೊಸದಕ್ಕೆ ಗೊತ್ತಿಲ್ಲ, ಅಷ್ಟೇ. ಹತ್ತು ವರ್ಷ ಇದ್ದ ಗುಮಾಸ್ತ ಕೆಲಸ ಬಿಟ್ಟು ಹೋದ ಹಾಗೆ. ಹೊಸಬ ಚುರುಕಾಗೇ ಇರ್ತಾನೆ. ಆದರೆ ಯಾವ ಬೀಗಕ್ಕೆ ಯಾವ ಕೀಲಿ ಅಂತ ಅವನಿಗೆ ಯಾರೂ ಹೇಳಿರಲ್ಲ.

ಕಳೆದ ಸುಗ್ಗಿಯಲ್ಲಿ ಕಾರಟಗಿ ಕಡೆಯ ಒಂದು ರೈಸ್ ಮಿಲ್ಲಿಗೆ ಹೋಗಿದ್ದೆ. ಆಫೀಸಿನಲ್ಲಿ ಎರಡು ಕಂಪ್ಯೂಟರ್. ಒಂದು ವೇಬ್ರಿಡ್ಜಿಗೆ, ಒಂದು ಲೆಕ್ಕಕ್ಕೆ. ಲೆಕ್ಕದ್ದು ನಿಧಾನ ಆಗಿದೆ ಅಂತ ಹುಡುಗನೊಬ್ಬ ಹಿಂದಿನ ರಾತ್ರಿ ವಿಂಡೋಸ್ 11 ಹಾಕಿ ಹೋಗಿದ್ದ. ಬೆಳಗ್ಗೆ ಸರಕು ಸಾಗಿಸೋಕೆ ಬೇಕಾದ ಇ-ವೇ ಬಿಲ್ ತೆಗೆಯೋಕೆ ಕೂತರೆ ನೆಟ್ ಇಲ್ಲ. ಲೋಡಾದ ಲಾರಿ ಗೇಟಿನಲ್ಲಿ ನಿಂತಿದೆ. ಡ್ರೈವರ್ ಸ್ಟೀರಿಂಗ್ ಮೇಲೆ ಕಾಲು ಹಾಕಿ ನಿದ್ದೆ ಹೊಡೀತಿದ್ದಾನೆ. ಮಾಲೀಕರು ಮಾತ್ರ ಕೂತಲ್ಲಿ ಕೂರುತ್ತಿಲ್ಲ.

ಆ ಹುಡುಗ ಡ್ರೈವರ್ ಪ್ಯಾಕನ್ನು ಮೂರು ಸಲ ಹಾಕಿ ನೋಡಿದ್ದನಂತೆ. ಇದು ಲಾರಿ ಡ್ರೈವರ್ ಅಲ್ಲ, ಕಾರ್ಡು ಚಿಪ್ಪುಗಳನ್ನು ವಿಂಡೋಸಿಗೆ ಪರಿಚಯ ಮಾಡಿಸುವ ತಂತ್ರಾಂಶಕ್ಕೂ ಡ್ರೈವರ್ ಅಂತಲೇ ಹೆಸರು. ಅಂಥವು ಕಟ್ಟಾಗಿ ಬಂದರೆ ಪ್ಯಾಕ್. ನಾನೇನೂ ಅವನಿಗಿಂತ ಜಾಣನಾಗಲಿಲ್ಲ. ಕೇಬಲ್ ತುದಿಯಲ್ಲಿ ತೌಡಿನ ಧೂಳು ಗಟ್ಟಿಯಾಗಿ ಕೂತಿತ್ತು. ಇದೇ ಇರಬೇಕು ಅಂತ ಮೊದಲು ಕೇಬಲ್ ಬದಲಿಸಿದೆ. ಸುಮ್ನೆ ಇಪ್ಪತ್ತು ನಿಮಿಷ ಹೋಯಿತು. ಆಮೇಲೆ ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಟೈಪ್ ಮಾಡಿದೆ. ಐಪಿ ವಿಳಾಸದ ಮುಂದೆ 169.254 ಅಂತ ಶುರುವಾಗುವ ನಂಬರ್ ಬಂತು.

ಈ ನಂಬರ್ ಕಂಡರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ. ಕಂಪ್ಯೂಟರ್ ನೆಟ್‌ವರ್ಕಿಗೆ ಸೇರಿದ ಕೂಡಲೇ ನನಗೊಂದು ವಿಳಾಸ ಕೊಡಿ ಅಂತ ಕೇಳುತ್ತದೆ. ಸಾಮಾನ್ಯವಾಗಿ ರೌಟರ್ ಕೊಡುತ್ತದೆ. ಆ ವ್ಯವಸ್ಥೆಗೆ ಡಿಎಚ್‌ಸಿಪಿ ಅಂತಾರೆ. ಸುಗ್ಗಿಯಲ್ಲಿ ಮಿಲ್ಲಿನ ಗೇಟಿನಲ್ಲಿ ಕೂತು ಲಾರಿಗಳಿಗೆ ಟೋಕನ್ ಹರಿದು ಕೊಡ್ತಾನಲ್ಲ, ಹಾಗೆ. ಟೋಕನ್ ಕೊಡುವವನು ಕುರ್ಚಿಯಲ್ಲಿ ಇಲ್ಲದಿದ್ದರೆ ವಿಂಡೋಸ್ ಸ್ವಲ್ಪ ಹೊತ್ತು ಕಾದು, ತಾನೇ ಒಂದು ಚೀಟಿಯ ಮೇಲೆ ನಂಬರ್ ಗೀಚಿಕೊಳ್ಳುತ್ತದೆ. ಅದೇ ಈ 169.254. ಅದನ್ನು ಹಿಡಿದುಕೊಂಡು ಗೇಟು ದಾಟೋಕಾಗಲ್ಲ. ಆದರೆ ಅದು ಕಂಡಿತು ಅಂದರೆ ಕಾರ್ಡ್ ಇದೆ, ಅದರ ಡ್ರೈವರ್ ಕೂತಿದೆ, ಕೇಬಲ್ಲಿಗೂ ಜೀವ ಇದೆ ಅಂತ ಅರ್ಥ. ಹುಡುಗನ ಮೂರು ಸಲದ ಡ್ರೈವರ್ ಪ್ಯಾಕೂ ದಂಡ, ನನ್ನ ಕೇಬಲ್ಲೂ ದಂಡ.

ಹಾಗಾದರೆ ಟೋಕನ್ ಕೊಡುವವನು ಎಲ್ಲಿ ಹೋದ? ಮಾಲೀಕರನ್ನು ಕೇಳಿದೆ. ತಲೆ ಕೆರೆದುಕೊಂಡು ಹೇಳಿದರು: “ಹಮಾಲರು ಫೋನಿಗೆ ನೆಟ್ ಹಾಕ್ಕೊಂಡು ಕುಂದರ್ತಾರ ಅಂತ ಎರಡು ವರ್ಷದ ಹಿಂದ ಏನೋ ಬಂದ್ ಮಾಡಿಸಿದ್ದೆ ನೋಡ್ರಿ.”

ಬಂದ್ ಮಾಡಿಸಿದ್ದು ಡಿಎಚ್‌ಸಿಪಿಯನ್ನೇ. ಆಗ ಎರಡೂ ಕಂಪ್ಯೂಟರಿಗೆ ಯಾರೋ ಕೈಯಿಂದ ವಿಳಾಸ ಬರೆದು ಹೋಗಿದ್ದರು. ಫಾರ್ಮ್ಯಾಟ್ ಹೊಡೆದಾಗ ಲೆಕ್ಕದ ಕಂಪ್ಯೂಟರಿನದು ಅಳಿಸಿಹೋಯಿತು. ಆ ಹಳೇ ನಂಬರ್ ಯಾವುದು? ವೇಬ್ರಿಡ್ಜಿನ ಕಂಪ್ಯೂಟರ್ ತೆರೆದೆ. ಅದರದು 192.168.1.11, ಗೇಟ್‌ವೇ ಅಂದರೆ ರೌಟರಿನ ವಿಳಾಸ 192.168.1.1. ಅದರ ಡೆಸ್ಕ್‌ಟಾಪಿನಲ್ಲಿ ಲೆಕ್ಕದ ಫೋಲ್ಡರಿಗೆ ಒಂದು ಶಾರ್ಟ್‌ಕಟ್ ಇತ್ತು. ಅದರ ಪ್ರಾಪರ್ಟೀಸ್ ನೋಡಿದರೆ 192.168.1.10 ಅಂತ ಬರೆದಿತ್ತು. ಸಿಕ್ಕಿತು. ಅದೇ ನಂಬರನ್ನು ಹೊಸ ವಿಂಡೋಸಿಗೆ ಕೊಟ್ಟೆ. ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ ಪಕ್ಕದವನದೇ, ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ ಗೂಗಲ್‌ನ 8.8.8.8. ನೆಟ್ ಬಂತು, ಲೆಕ್ಕದ ಫೋಲ್ಡರೂ ವೇಬ್ರಿಡ್ಜಿಗೆ ಮತ್ತೆ ಕಂಡಿತು. ಹಮಾಲನೊಬ್ಬ ಹೋಗಿ ಲಾರಿಯ ಬಾಗಿಲು ಬಡಿದ.

ವೈಫೈ ಪಾಸ್‌ವರ್ಡ್ ಬದಲಿಸಿದ್ದರೇ ಸಾಕಿತ್ತು ಅಂತ ನಾನು ಬಾಯಿ ಬಿಡಲಿಲ್ಲ. ದುಡ್ಡು ಎಣಿಸುತ್ತಿರುವವರ ಮುಂದೆ ಅಂಥ ಮಾತು ಆಡಬಾರದು.

ಹಾಗಾಗಿ ಯಾರಾದರೂ ನೆಟ್ ಇಲ್ಲ ಅಂದರೆ, ಎಲ್ಲಿ ತನಕ ಬಂದು ನಿಂತಿದೆ ಅಂತ ನೋಡ್ತೀನಿ. ವಿಳಾಸ ಸರಿ ಇದ್ದರೆ ಮೊದಲು ರೌಟರಿಗೆ ಪಿಂಗ್ (ಇದ್ದೀಯಾ ಅಂತ ಕೂಗಿ ಉತ್ತರಕ್ಕೆ ಕಾಯುವ ಕಮಾಂಡ್), ಆಮೇಲೆ 8.8.8.8ಕ್ಕೆ ಪಿಂಗ್. ರೌಟರ್ ಉತ್ತರ ಕೊಟ್ಟು 8.8.8.8 ಕೊಡದಿದ್ದರೆ ತೊಂದರೆ ನಿಮ್ಮ ಕಂಪ್ಯೂಟರಿನಲ್ಲಿ ಇರೋದು ಕಡಿಮೆ, ರೌಟರಿನಾಚೆ ಹುಡುಕಬೇಕು. ಎರಡೂ ಉತ್ತರ ಕೊಟ್ಟು ವೆಬ್‌ಸೈಟಿನ ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್. ಇಷ್ಟಕ್ಕೆ ಎರಡು ನಿಮಿಷ ಬೇಕು.

ಐಪಿಕಾನ್ಫಿಗ್ ಕೊಟ್ಟಾಗ ಅಡಾಪ್ಟರಿನ, ಅಂದರೆ ನೆಟ್‌ವರ್ಕ್ ಕಾರ್ಡಿನ ಹೆಸರೇ ಬರಲಿಲ್ಲ ಅಂದರೆ ಮಾತ್ರ ಅದು ಡ್ರೈವರ್ ಕಥೆ. ಲ್ಯಾಪ್‌ಟಾಪಿನಲ್ಲಿ ಇದು ಜಾಸ್ತಿ. ವಿಂಡೋಸಿನ ಪೆನ್‌ಡ್ರೈವ್ ಮಾಡಿಟ್ಟಿದ್ದು ಹಿಂದೆ ಯಾವಾಗಲೋ, ವೈಫೈ ಚಿಪ್ ಬಂದಿದ್ದು ಆಮೇಲೆ. ಪೆನ್‌ಡ್ರೈವಿನಲ್ಲಿ ಅದರ ಡ್ರೈವರ್ ಎಲ್ಲಿಂದ ಬರಬೇಕು? ಇನ್ನು ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್ ಬರೋಕೆ ಡ್ರೈವರ್ ಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ.

ಈ ಗಂಟು ಬಿಡಿಸುವ ಸಾಮಾನು ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಚುಚ್ಚಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನನ್ನು ನೆಟ್‌ವರ್ಕ್ ಕಾರ್ಡ್ ಅಂತ ಗುರುತಿಸುವ ಡ್ರೈವರ್ ವಿಂಡೋಸ್ 10 ಮತ್ತು 11ರ ಒಳಗೇ ಇರುತ್ತದೆ. ಫೋನ್ ಮನೆಯ ವೈಫೈಯಲ್ಲಿದ್ದರೆ ಆ ವೈಫೈಯೇ ಕೇಬಲ್ ಮೂಲಕ ಇಳಿಯುತ್ತದೆ, ಡೇಟಾ ಖರ್ಚಿಲ್ಲ. ಐಫೋನ್ ಆದರೆ ಇಷ್ಟು ಸಲೀಸಲ್ಲ, ಅದಕ್ಕೆ ಆಪಲ್‌ನದೇ ಡ್ರೈವರ್ ಬೇಕು.

ಟೆದರಿಂಗ್ ಬಟನ್ ಒತ್ತೋಕೇ ಬರ್ತಿಲ್ಲ, ಮಸುಕಾಗಿದೆ ಅಂತ ಹತ್ತರಲ್ಲಿ ನಾಲ್ಕು ಜನ ಮತ್ತೆ ಫೋನ್ ಮಾಡ್ತಾರೆ. ಕೇಬಲ್ ಯಾವುದು ಅಂತ ಕೇಳ್ತೀನಿ. ಪವರ್ ಬ್ಯಾಂಕಿನ ಜೊತೆ ಬಂದಿದ್ದು, ಇಲ್ಲಾ ಸಂತೆಯಲ್ಲಿ ಐವತ್ತು ರೂಪಾಯಿಗೆ ಸಿಕ್ಕಿದ್ದು. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿ ಇರುತ್ತವೆ. ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಅಗ್ಗದ ಚಾರ್ಜಿಂಗ್ ಕೇಬಲ್ಲುಗಳಲ್ಲಿ ಕೆಲವಕ್ಕೆ ಡೇಟಾದ ಎರಡು ತಂತಿ ಹಾಕಿರೋದೇ ಇಲ್ಲ. ಫೋನ್ ಚಾರ್ಜ್ ಆಗ್ತಿರುತ್ತೆ, ಕಂಪ್ಯೂಟರಿಗೆ ಮಾತ್ರ ಫೋನ್ ಕಾಣಲ್ಲ. ಫೋನಿನ ಡಬ್ಬಿಯಲ್ಲಿ ಬಂದ ಕೇಬಲ್ ಹುಡುಕಿ.

ಇನ್ನೊಂದು. ಮೊಬೈಲ್ ಡೇಟಾದಿಂದಲೇ ಮಾಡ್ತಿದ್ದರೆ ನೆಟ್ ಬಂದ ತಕ್ಷಣ ಆ ಸಂಪರ್ಕವನ್ನು ‘ಮೀಟರ್ಡ್’ (ಡೇಟಾ ಲೆಕ್ಕದ್ದು) ಅಂತ ಗುರುತು ಮಾಡಿ. ಇಲ್ಲದಿದ್ದರೆ ಹೊಸ ವಿಂಡೋಸ್ ಹಸಿದ ಎತ್ತಿನ ಹಾಗೆ ಅಪ್‌ಡೇಟ್ ಮೇಯೋಕೆ ಶುರು ಮಾಡುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಡ್ರೈವರ್ ಇಳಿಯುವ ಮೊದಲೇ ಖಾಲಿ.

ವಿಂಡೋಸ್ 11ರಲ್ಲಿ ಇನ್ಸ್ಟಾಲ್ ಮುಗಿಯುವ ಹೊತ್ತಿಗೇ ‘ನೆಟ್‌ವರ್ಕಿಗೆ ಸೇರಿಸಿ’ ಅಂತ ಪರದೆ ನಿಲ್ಲುತ್ತದೆ, ನೆಕ್ಸ್ಟ್ ಬಟನ್ ಒತ್ತೋಕಾಗಲ್ಲ. ಅಲ್ಲೂ ಇದೇ ಫೋನ್ ಕೇಬಲ್ ಉಪಾಯ ನಡೆಯುತ್ತದೆ. ಶಿಫ್ಟ್ ಮತ್ತು ಎಫ್10 ಒತ್ತಿ ಕಮಾಂಡ್ ಕೊಟ್ಟು ದಾಟುವ ಕಳ್ಳದಾರಿಗಳು ಮೊದಲು ಇದ್ದವು. ಹೊಸ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಅವನ್ನು ಒಂದೊಂದಾಗಿ ಮುಚ್ಚುತ್ತಿದೆ. ಹಳೇ ವಿಡಿಯೋ ನೋಡಿಕೊಂಡು ಅದೇ ಕಮಾಂಡ್ ಹತ್ತು ಸಲ ಹೊಡೆಯುತ್ತಾ ಕೂರಬೇಡಿ.

ಯಾವ ಡ್ರೈವರ್ ಬೇಕು ಅಂತ ಊಹಿಸೋದೂ ಬೇಡ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಸಾಲು ಇರುತ್ತದೆ. ‘ಈಥರ್ನೆಟ್ ಕಂಟ್ರೋಲರ್’ ಅಂತಿದ್ದರೆ ಕೇಬಲ್ಲಿನದು, ‘ನೆಟ್‌ವರ್ಕ್ ಕಂಟ್ರೋಲರ್’ ಅಂತಿದ್ದರೆ ಹೆಚ್ಚಾಗಿ ವೈಫೈ. ಅದರ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಗೆ ಹೋಗಿ. ಉದ್ದದ ಸಾಲಿನಲ್ಲಿ ‘ವೆನ್’ ಆದಮೇಲೆ ಬರುವ ನಾಲ್ಕು ಅಕ್ಷರ ಕಂಪನಿಯ ಗುರುತು. 10ಇಸಿ ಇದ್ದರೆ ರಿಯಲ್‌ಟೆಕ್, 14ಇ4 ಇದ್ದರೆ ಬ್ರಾಡ್‌ಕಾಮ್, 8086 ಇದ್ದರೆ ಇಂಟೆಲ್. 8086 ಅನ್ನೋದು ಇಂಟೆಲ್ 1978ರಲ್ಲಿ ತಂದ ಪ್ರೊಸೆಸರಿನ ಹೆಸರು. ಅದನ್ನೇ ತಮ್ಮ ಗುರುತಾಗಿ ಇಟ್ಟುಕೊಂಡಿದ್ದಾರೆ, ಇವರ ಅಭಿಮಾನ ನೋಡಿ! ‘ಡೆವ್’ ಆದಮೇಲಿನ ನಾಲ್ಕು ಅಕ್ಷರ ಮಾಡೆಲ್. ಆ ಸಾಲಿನ ಫೋಟೋ ಹೊಡೆದುಕೊಂಡು, ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಸೈಟಿನಿಂದಲೇ ಡ್ರೈವರ್ ಇಳಿಸಿ.

ಡ್ರೈವರ್ ಪ್ಯಾಕುಗಳ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇಲ್ಲ. ಒಂದು ಡ್ರೈವರ್ ಕೇಳಿದರೆ ಗೊತ್ತಿಲ್ಲದ ಬ್ರೌಸರು, ಆ್ಯಂಟಿವೈರಸ್ಸು ಎಲ್ಲ ಜೊತೆಗೆ ಬಂದು ಕೂತಿದ್ದನ್ನು ಎಷ್ಟೋ ಸಲ ತೆಗೆದಿದ್ದೀನಿ. ‘ಲೈಟ್’ ವಿಂಡೋಸ್ ಇನ್ನೂ ಕೆಟ್ಟದ್ದು. ಹಗುರ ಮಾಡ್ತೀವಿ ಅಂತ ಯಾರೋ ಒಳಗಿನ ಸರ್ವೀಸುಗಳನ್ನು ಕಿತ್ತುಹಾಕಿರ್ತಾರೆ. ಏನು ಕಿತ್ತಿದ್ದಾರೆ ಅಂತ ಕಿತ್ತವನಿಗೇ ಗೊತ್ತು. ವೈಫೈ ಹುಡುಕಿ ಸೇರಿಸುವ ಸರ್ವೀಸೇ ಇಲ್ಲದ ಒಂದು ಲ್ಯಾಪ್‌ಟಾಪ್ ಬಂದಿತ್ತು. ಅದಕ್ಕೆ ಡ್ರೈವರ್ ಹಾಕಿ ಏನು ಮಾಡೋದು? ಮೈಕ್ರೋಸಾಫ್ಟ್ ಸೈಟಿನಿಂದ ಇಳಿಸಿದ ವಿಂಡೋಸನ್ನು ಮೊದಲಿಂದ ಹಾಕಿದೆ.

ಈಗ ಮೇಷ್ಟ್ರ ಮನೆ ಕಥೆ. ರಿಟೈರಾದ ಮೇಷ್ಟ್ರು. ಅಳಿಯ ಬಂದವನು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಕೊಟ್ಟು ಊರಿಗೆ ಹೋದ. ಕೇಬಲ್ ಸರಿ, ಡ್ರೈವರ್ ಸರಿ, ಮೋಡೆಮ್ ದೀಪಗಳೂ ಸರಿ. “ಮೊದಲು ನೆಟ್ ಹೇಗೆ ಹಾಕ್ತಿದ್ದಿರಿ ಸರ?” ಅಂತ ಕೇಳಿದೆ. “ಅದೇ, ಎರಡು ಟಿವಿ ಇದ್ದಂಗ ಒಂದು ಚಿತ್ರ ಇತ್ತಲ್ಲಪಾ, ಅದನ್ನ ಒತ್ತಿದ್ರ ಬರ್ತಿತ್ತು” ಅಂದರು. ಅಲ್ಲಿಗೆ ಗೊತ್ತಾಯಿತು. ಅವರ ಮೋಡೆಮ್ ಬ್ರಿಡ್ಜ್ ಮೋಡಿನಲ್ಲಿತ್ತು. ಅಂದರೆ ಅದು ಬರೀ ಸೇತುವೆ, ಲಾಗಿನ್ ಮಾಡುವ ಕೆಲಸ ಕಂಪ್ಯೂಟರಿನದು. ಯೂಸರ್‌ನೇಮೂ ಪಾಸ್‌ವರ್ಡೂ ಆ ಎರಡು ಟಿವಿಯ ಚಿತ್ರದೊಳಗಿದ್ದವು, ಚಿತ್ರದ ಜೊತೆಗೇ ಹೋದವು. ಹೊಸದಾಗಿ ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಸಂಪರ್ಕ ಮಾಡಿದೆ, ಮೇಷ್ಟ್ರು ಡೈರಿ ನೋಡಿ ಹೇಳಿದ ಪಾಸ್‌ವರ್ಡ್ ಹಾಕಿದೆ. ಎರರ್ 691 ಬಂತು. 691 ಅಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 651 ಬಂದಿದ್ದರೆ ಮೋಡೆಮ್ಮು, ಲೈನು ನೋಡಬೇಕಾಗುತ್ತಿತ್ತು. ಆಪರೇಟರಿಗೆ ಫೋನ್ ಮಾಡಿ ಪಾಸ್‌ವರ್ಡ್ ಹೊಸದು ಮಾಡಿಸಿದೆವು. ಆ ಲಾಗಿನ್ನನ್ನು ಈ ಸಲ ರೌಟರಿಗೇ ಬರೆದೆ. ಅಳಿಯ ಮತ್ತೆ ಬಂದರೂ ಚಿಂತೆಯಿಲ್ಲ.

ನೆಟ್ ಇದೆ, ಪಿಂಗ್ ಆಗುತ್ತೆ, ಆದರೆ ಯಾವ ಸೈಟ್ ತೆರೆದರೂ ‘ಸುರಕ್ಷಿತ ಅಲ್ಲ’ ಅಂತ ಬೈಯುತ್ತೆ ಅಂದರೆ ಮೂಲೆಯಲ್ಲಿರುವ ತಾರೀಕು ನೋಡಿ. ಹಳೇ ಡೆಸ್ಕ್‌ಟಾಪುಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿರುತ್ತದೆ. ನಮ್ಮ ಕಡೆ ಕರೆಂಟ್ ಹೋದಾಗೆಲ್ಲ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ಸೈಟುಗಳ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದ ತನಕ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ ಇನ್ನೂ ಹಳೇ ವರ್ಷದಲ್ಲೇ ಕೂತಿದ್ದರೆ ಅದು ಒಪ್ಪೋದು ಹೇಗೆ? ಮೂವತ್ತು ರೂಪಾಯಿ ಬ್ಯಾಟರಿ.

ಲಿನಕ್ಸ್ ಹಾಕುವವರಿಗೆ ಒಂದೇ ಮಾತು. ಇನ್ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವಿನಿಂದಲೇ ‘ಟ್ರೈ’ ಮೋಡಿನಲ್ಲಿ ತೆರೆದು ವೈಫೈ ಹತ್ತುತ್ತದಾ ನೋಡಿ. ಅಲ್ಲಿ ಹತ್ತಿದರೆ ಇನ್ಸ್ಟಾಲ್ ಆದಮೇಲೂ ಸಾಮಾನ್ಯವಾಗಿ ಹತ್ತುತ್ತದೆ. ಬ್ರಾಡ್‌ಕಾಮ್ ಚಿಪ್ಪುಗಳಲ್ಲಿ ಕೆಲವಕ್ಕೆ ಬೇರೆ ಡ್ರೈವರ್ ಹಾಕಬೇಕಾಗುತ್ತದೆ, ಅದಕ್ಕೂ ಮತ್ತೆ ಫೋನ್ ಕೇಬಲ್ಲೇ ಗತಿ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸೂ ಇದ್ದರೆ ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗಲ್ಲ, ಕೆಲವು ವೈಫೈ ಕಾರ್ಡುಗಳು ಲಿನಕ್ಸಿನ ಕೈಗೆ ಸಿಗಲ್ಲ.

ಈಗ ನನ್ನ ಅಂಗಡಿಗೆ ಫಾರ್ಮ್ಯಾಟಿಗೆ ಅಂತ ಏನೇ ಬಂದರೂ ಮೊದಲು ಐಪಿಕಾನ್ಫಿಗ್, ಒಂದು ಸ್ಪೇಸ್, ಸ್ಲ್ಯಾಶ್ ಆಲ್ ಅಂತ ಹೊಡೆದು ಪರದೆಯ ಫೋಟೋ ತೆಗೀತೀನಿ. ಡೆಸ್ಕ್‌ಟಾಪಿನ ಮೇಲೆ ಏನೇನು ಐಕಾನ್ ಇದೆ ಅನ್ನೋದರದ್ದೂ ಒಂದು ಫೋಟೋ. ಇರುವ ಡ್ರೈವರುಗಳನ್ನು ಪಿಎನ್‌ಪಿಯುಟಿಲ್ ಕಮಾಂಡಿನಿಂದ ಪೆನ್‌ಡ್ರೈವಿಗೆ ಎತ್ತಿಟ್ಟುಕೊಳ್ತೀನಿ. ಕೈಯಿಂದ ಬರೆದ ವಿಳಾಸ ಇದ್ದರೆ ಒಂದು ಚೀಟಿಯ ಮೇಲೆ ಬರೆದು ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಂಟಿಸ್ತೀನಿ. ಪಾಸ್‌ವರ್ಡ್ ಬರೆಯಲ್ಲ, ಬರೀರಿ ಅಂತ ಎಷ್ಟು ಗಂಟು ಬಿದ್ದರೂ ಬರೆಯಲ್ಲ.

ಕಾರಟಗಿ ಕಡೆಯ ಮಿಲ್ಲಿನ ಅದೇ ಸಿಪಿಯು ಹೋದ ವಾರ ಮತ್ತೆ ಬಂದಿತ್ತು, ಈ ಸಲ ಫ್ಯಾನ್ ಸದ್ದು ಅಂತ. ಚೀಟಿಯ ಮೇಲೆ ಬೆರಳು ದಪ್ಪ ತೌಡು. ಒರೆಸಿದೆ. ಅಂಚು ಹಳದಿಯಾಗಿತ್ತು, ಕೊನೆಯ 10 ಮಾತ್ರ ನೆಟ್ಟಗೆ ಕಾಣುತ್ತಿತ್ತು. ಬೇರೆ ಚೀಟಿ ಬರೆದು, ಮೇಲೆ ಅಗಲದ ಸೆಲೋಟೇಪ್ ಹಚ್ಚಿ ಕಳಿಸಿದೆ.