ಪದ ಬದಲಾದರೆ ನಡತೆ ಎಷ್ಟು ಬದಲಾಗುತ್ತದೆ? ಒಂದು ಅಧ್ಯಯನ ಟಿಪ್ಪಣಿ

ಈ ವಿಷಯವನ್ನು ಓದಲು ಹೊರಟವರಿಗೆ ಬೇಗನೆ ಎದುರಾಗುವುದು ಪೀಪಾಯಿಗಳ ಪ್ರಸಂಗ. ಬೆಂಜಮಿನ್ ಲೀ ವೋರ್ಫ್ ಹೆಸರಾದದ್ದು ಭಾಷಾಶಾಸ್ತ್ರಜ್ಞರಾಗಿ. ಸಂಬಳ ಪಡೆಯುತ್ತಿದ್ದುದು ಅಮೆರಿಕದ ಒಂದು ಅಗ್ನಿವಿಮಾ ಕಂಪನಿಯಿಂದ. ಬೆಂಕಿ ಅನಾಹುತಗಳ ಕಾರಣ ಹುಡುಕುವ ಕೆಲಸದಲ್ಲಿ ಅವರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಪೆಟ್ರೋಲ್ ತುಂಬಿದ ಪೀಪಾಯಿಗಳ ಬಳಿ ಜನ ಬಹಳ ಎಚ್ಚರದಿಂದ ಇರುತ್ತಿದ್ದರು. ‘ಖಾಲಿ’ ಎನಿಸಿಕೊಂಡ ಪೀಪಾಯಿಗಳ ಬಳಿ ಸಿಗರೇಟು ಸೇದುತ್ತಿದ್ದರು, ತುಂಡನ್ನು ಅಲ್ಲೇ ಎಸೆಯುತ್ತಿದ್ದರು. ಆದರೆ ಹೆಚ್ಚು ಅಪಾಯಕಾರಿಯಾದದ್ದು ಖಾಲಿ ಪೀಪಾಯಿಯೇ. ಅದರೊಳಗೆ ಸ್ಫೋಟಿಸಬಲ್ಲ ಆವಿ ತುಂಬಿರುತ್ತದೆ.

ಪ್ರಸಂಗ ಸೊಗಸಾಗಿದೆ, ಪುರಾವೆಯಾಗಿ ದುರ್ಬಲ. ಆವಿ ಕಣ್ಣಿಗೆ ಕಾಣುವುದಿಲ್ಲ. ‘ಖಾಲಿ’ ಎಂಬ ಪದ ಇಲ್ಲದಿದ್ದರೂ ಆ ಪೀಪಾಯಿ ಖಾಲಿಯಾಗಿಯೇ ಕಾಣುತ್ತಿತ್ತು. ಮೋಸ ಮಾಡಿದ್ದು ಪದವೋ ಕಣ್ಣೋ ಎಂದು ಇಲ್ಲಿ ಬೇರ್ಪಡಿಸಲಾಗದು. ಬೇರ್ಪಡಿಸಬೇಕಾದರೆ ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಪದವೊಂದನ್ನೇ ಬದಲಾಯಿಸಿ ನೋಡಬೇಕು. ಈ ವಿಷಯದ ಒಳ್ಳೆಯ ಪ್ರಯೋಗಗಳೆಲ್ಲ ಮಾಡಿರುವುದು ಅದನ್ನೇ.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕುಗಳನ್ನು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಕೆಲವರಿಗೆ ‘ಒಂದಕ್ಕೊಂದು ಅಪ್ಪಳಿಸಿದಾಗ’, ಕೆಲವರಿಗೆ ‘ತಾಗಿದಾಗ’. ಹೀಗೆ ಐದು ಬಗೆಯ ಕ್ರಿಯಾಪದ. ಅತ್ಯಂತ ಜೋರಿನ ಪದ ಕೇಳಿದವರು ಗಂಟೆಗೆ ಸುಮಾರು 41 ಮೈಲಿ ಎಂದರು, ಅತ್ಯಂತ ಮೆದುವಾದ ಪದ ಕೇಳಿದವರು ಸುಮಾರು 32. ಎರಡನೆಯ ಪ್ರಯೋಗದಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜನ್ನು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೂ ‘ಅಪ್ಪಳಿಸಿದಾಗ’ ಗುಂಪಿನ 50 ಮಂದಿಯಲ್ಲಿ 16 ಮಂದಿ ಹೌದೆಂದರು, ಸಾಧಾರಣ ‘ಡಿಕ್ಕಿ’ಯ ಗುಂಪಿನಲ್ಲಿ 7 ಮಂದಿ, ವೇಗದ ಪ್ರಶ್ನೆಯನ್ನೇ ಕೇಳದ ಗುಂಪಿನಲ್ಲಿ 6. ಸಾಕ್ಷಿಗಳ ವಿಚಾರಣೆಯ ಬಗ್ಗೆ ಬರೆಯುವವರು ಈ ಪ್ರಯೋಗವನ್ನು ಬಿಡುವುದೇ ಇಲ್ಲ. ಬಿಡಬಾರದು ಕೂಡ.

ನೆನಪಿನಿಂದ ನಿರ್ಧಾರಕ್ಕೆ ಬಂದರೆ, 1981ರ ಆಮೊಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಅವರ ಪ್ರಶ್ನೆ ಎಲ್ಲರೂ ಬಲ್ಲದ್ದು. ಒಂದು ರೋಗದಿಂದ 600 ಮಂದಿ ಸಾಯುವ ಸಂಭವವಿದೆ. ಮೊದಲ ಉಪಾಯದಲ್ಲಿ ‘200 ಮಂದಿ ಖಂಡಿತ ಉಳಿಯುತ್ತಾರೆ’. ಎರಡನೆಯದರಲ್ಲಿ ಎಲ್ಲರೂ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು, ಯಾರೂ ಉಳಿಯದ ಸಾಧ್ಯತೆ ಮೂರರಲ್ಲಿ ಎರಡು. ಶೇ. 72 ಮಂದಿ ಖಚಿತವಾದದ್ದನ್ನೇ ಆರಿಸಿದರು. ಅದೇ ಲೆಕ್ಕವನ್ನು ತಿರುಗಿಸಿ ‘400 ಮಂದಿ ಖಂಡಿತ ಸಾಯುತ್ತಾರೆ’ ಎಂದು ಇನ್ನೊಂದು ಗುಂಪಿಗೆ ಕೊಟ್ಟಾಗ, ಖಚಿತವಾದದ್ದನ್ನು ಆರಿಸಿದವರು ಶೇ. 22 ಮಾತ್ರ. ಗಳಿಕೆಯಾಗಿ ಕಂಡರೆ ಜನ ಕೈಗೆ ಬಂದದ್ದನ್ನು ಹಿಡಿದುಕೊಳ್ಳುತ್ತಾರೆ, ನಷ್ಟವಾಗಿ ಕಂಡರೆ ಜೂಜಿಗೆ ಇಳಿಯುತ್ತಾರೆ. ಓದಿದವರಿಗೆ ಹೀಗಾಗದು ಎಂದುಕೊಳ್ಳಬೇಡಿ. ಮರುವರ್ಷ ಶ್ವಾಸಕೋಶದ ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ ಇದೇ ಬಗೆಯ ಪ್ರಶ್ನೆ ಕೇಳಿದಾಗ, 100ರಲ್ಲಿ 90 ಮಂದಿ ಬದುಕುತ್ತಾರೆ ಎನ್ನುವುದಕ್ಕೂ 10 ಮಂದಿ ಸಾಯುತ್ತಾರೆ ಎನ್ನುವುದಕ್ಕೂ ವೈದ್ಯರು ಬೇರೆ ಬೇರೆ ಉತ್ತರವನ್ನೇ ಕೊಟ್ಟರು.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಇವುಗಳಷ್ಟು ಹೆಸರಾಗದ ಇನ್ನೊಂದು ಪ್ರಯೋಗ. ವರ್ಡಾ ಲಿಬರ್ಮನ್, ಸ್ಟೀವನ್ ಸ್ಯಾಮ್ಯುಯೆಲ್ಸ್ ಮತ್ತು ಲೀ ರಾಸ್ 2004ರಲ್ಲಿ ಪ್ರಕಟಿಸಿದ್ದು. ಆಟ ಸರಳ. ಇಬ್ಬರು ಆಟಗಾರರು; ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ತಕ್ಕಮಟ್ಟಿನ ಲಾಭ; ಒಬ್ಬ ಸಹಕರಿಸಿ ಇನ್ನೊಬ್ಬ ಕೈಕೊಟ್ಟರೆ, ಕೈಕೊಟ್ಟವನಿಗೆ ಹೆಚ್ಚು ಲಾಭ; ಇಬ್ಬರೂ ಕೈಕೊಟ್ಟರೆ ಇಬ್ಬರಿಗೂ ಅಷ್ಟಕ್ಕಷ್ಟೆ. ನಿಯಮವಾಗಲಿ ಹಣವಾಗಲಿ ಬದಲಾಗಲಿಲ್ಲ. ಬದಲಾದದ್ದು ಆಟದ ಹೆಸರು ಮಾತ್ರ. ಕೆಲವರಿಗೆ ಅದು ‘ವಾಲ್ ಸ್ಟ್ರೀಟ್ ಆಟ’ (ವಾಲ್ ಸ್ಟ್ರೀಟ್ ಎಂದರೆ ಅಮೆರಿಕದ ಷೇರುಪೇಟೆಯ ಬೀದಿ), ಉಳಿದವರಿಗೆ ‘ಸಮುದಾಯದ ಆಟ’. ಮೊದಲ ಹೆಸರು ಕೇಳಿದವರಲ್ಲಿ ಸುಮಾರು ಮೂರನೆಯ ಒಂದು ಭಾಗ ಸಹಕರಿಸಿದರು; ಎರಡನೆಯದರಲ್ಲಿ ಸುಮಾರು ಮೂರನೆಯ ಎರಡು ಭಾಗ.

ಇನ್ನೂ ಕುತೂಹಲದ ಸಂಗತಿ ಮುಂದಿದೆ. ಈ ಆಟಗಾರರನ್ನು ಹತ್ತಿರದಿಂದ ಬಲ್ಲವರ ಬಳಿ, ಯಾರು ಸಹಕರಿಸುತ್ತಾರೆ, ಯಾರು ಸ್ವಾರ್ಥ ನೋಡುತ್ತಾರೆ ಎಂದು ಮೊದಲೇ ಕೇಳಿಟ್ಟಿದ್ದರು. ‘ಒಳ್ಳೆಯವ’ ಎಂಬ ಹೆಸರು ಹೊತ್ತವರಿಗೂ ‘ಸ್ವಾರ್ಥಿ’ ಎಂಬ ಹೆಸರು ಹೊತ್ತವರಿಗೂ ಆಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅವರ ಸ್ವಭಾವದ ಬಗ್ಗೆ ಬಲ್ಲವರು ಹೇಳಿದ ಮಾತಿಗಿಂತ ಆಟದ ಹೆಸರೇ ಅವರ ನಡೆಯನ್ನು ಚೆನ್ನಾಗಿ ಮುನ್ಸೂಚಿಸಿತು.

ಹೆಸರು ಹೇಗೆ ಕೆಲಸ ಮಾಡಿತು? ಎರಡು ವಿವರಣೆಗಳು ಸಾಧ್ಯ. ಹೆಸರು ಮನಸ್ಸನ್ನೇ ಮೆದುವಾಗಿಸಿ ಅಥವಾ ಗಡುಸಾಗಿಸಿ ನಮ್ಮ ಇಷ್ಟಗಳನ್ನು ಬದಲಾಯಿಸಿರಬಹುದು. ಇಲ್ಲವೇ, ಎದುರಿನವನು ಏನು ಮಾಡುತ್ತಾನೆ ಎಂಬ ನಮ್ಮ ನಿರೀಕ್ಷೆಯನ್ನು ಬದಲಾಯಿಸಿರಬಹುದು. 2012ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನ ಇದನ್ನು ಜಾಣತನದಿಂದ ಪರೀಕ್ಷಿಸಿತು. ಇಬ್ಬರೂ ಏಕಕಾಲಕ್ಕೆ ಆಡುವ ಬದಲು ಒಬ್ಬರ ನಂತರ ಒಬ್ಬರು ಆಡುವಂತೆ ಮಾಡಿದರು. ಆಗ ಎರಡನೆಯವರು ಊಹಿಸಬೇಕಾದದ್ದು ಏನೂ ಉಳಿಯುವುದಿಲ್ಲ. ಮೊದಲನೆಯವರ ನಡೆ ಕಣ್ಣೆದುರೇ ಇರುತ್ತದೆ. ಹೀಗೆ ಆಡಿಸಿದಾಗ ಹೆಸರಿನ ಪ್ರಭಾವ ಮಾಯವಾಯಿತು. ಅಂದರೆ ಎರಡನೆಯ ವಿವರಣೆಗೇ ಬಲ ಹೆಚ್ಚು. ಇಲ್ಲಿ ಯಾವ ಬಗೆಯ ಆಟ ನಡೆಯುತ್ತಿದೆ, ಉಳಿದವರು ಹೇಗೆ ನಡೆದುಕೊಳ್ಳುತ್ತಾರೆ ಎಂಬ ಸುದ್ದಿಯನ್ನು ಪದ ತಿಳಿಸುತ್ತದೆ. ಆ ಸುದ್ದಿ ಬೇರೆ ದಾರಿಯಿಂದ ಸಿಕ್ಕರೆ ಪದಕ್ಕೆ ಕೆಲಸವಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮರುಪ್ರಯೋಗದಲ್ಲಿ ಬಿದ್ದುಹೋದ ಅಧ್ಯಯನಗಳೂ ಅರ್ಥವಾಗುತ್ತವೆ. 1996ರಲ್ಲಿ ಜಾನ್ ಬಾರ್ಗ್ ಮತ್ತು ಸಂಗಡಿಗರು ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ವಾಕ್ಯ ಜೋಡಿಸುವ ಅಭ್ಯಾಸದ ನೆಪದಲ್ಲಿ ವಿದ್ಯಾರ್ಥಿಗಳಿಗೆ ಓದಿಸಿದರು; ಓದಿದವರು ಹೊರಗೆ ಹೋಗುವಾಗ ನಿಧಾನವಾಗಿ ನಡೆದರು ಎಂದು ವರದಿ ಮಾಡಿದರು. ಪಠ್ಯಪುಸ್ತಕಗಳು ಅದನ್ನು ಸಂಭ್ರಮದಿಂದ ಸ್ವೀಕರಿಸಿದವು. 2012ರಲ್ಲಿ ಇನ್ನೊಂದು ತಂಡ ನಡಿಗೆಯನ್ನು ಸ್ಟಾಪ್‌ವಾಚ್ ಬದಲು ಸಂವೇದಕಗಳಿಂದ ಅಳೆದಾಗ ಆ ಫಲಿತಾಂಶ ಸಿಗಲಿಲ್ಲ. ಅಳೆಯುವವರಿಗೇ ‘ಇವರು ನಿಧಾನ ನಡೆಯುತ್ತಾರೆ’ ಎಂಬ ನಿರೀಕ್ಷೆ ಹುಟ್ಟಿಸಿದಾಗ ಮಾತ್ರ ಪರಿಣಾಮ ಕಂಡಿತು. 2014ರಲ್ಲಿ 6,000ಕ್ಕೂ ಹೆಚ್ಚು ಮಂದಿಯೊಡನೆ 13 ಹಳೆಯ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದ ದೊಡ್ಡ ಯೋಜನೆಯಲ್ಲಿ, ಮೇಲಿನ ರೋಗದ ಪ್ರಶ್ನೆ ಗಟ್ಟಿಯಾಗಿ ನಿಂತಿತು, ಪರಿಣಾಮದ ಗಾತ್ರ ಮೂಲಕ್ಕಿಂತ ಕಡಿಮೆಯಾಗಿದ್ದರೂ. ಬಾವುಟದ ಚಿತ್ರವನ್ನೋ ಹಣದ ಚಿತ್ರವನ್ನೋ ಸುಮ್ಮನೆ ಕಣ್ಣಿಗೆ ಬೀಳಿಸಿ ಅಭಿಪ್ರಾಯ ಬದಲಾಯಿಸುತ್ತೇವೆ ಎಂದ ಎರಡು ಪ್ರಯೋಗಗಳು ನಿಲ್ಲಲಿಲ್ಲ.

ಹಾಗಾಗಿ ನನ್ನ ತೀರ್ಮಾನ ಇದು: ಮುಂದಿರುವ ಆಯ್ಕೆಯನ್ನೇ ಪದ ವಿವರಿಸುತ್ತಿದ್ದರೆ ಅದರ ಪ್ರಭಾವವನ್ನು ನಂಬಬಹುದು. ಆಯ್ಕೆಗೆ ಸಂಬಂಧವಿಲ್ಲದ ಪದ ಗುಟ್ಟಾಗಿ ಕೈಕಾಲು ಆಡಿಸುತ್ತದೆ ಎನ್ನುವವರನ್ನು ಅನುಮಾನದಿಂದಲೇ ನೋಡಬೇಕು. ‘ಬೆಳಗ್ಗೆ ಎದ್ದು ಒಳ್ಳೆಯ ಪದಗಳನ್ನು ಹೇಳಿಕೊಳ್ಳಿ, ಬದುಕು ಬದಲಾಗುತ್ತದೆ’ ಎಂಬ ಬೋಧನೆಯನ್ನು ನಾನು ಈ ಎರಡನೆಯ ಸಾಲಿಗೆ ಸೇರಿಸುತ್ತೇನೆ.

ನಮಗೆ ನಾವೇ ಹೇಳಿಕೊಳ್ಳುವ ಮಾತಿನಲ್ಲಿ ಪುರಾವೆ ಗಟ್ಟಿಯಾಗಿರುವುದು ಒಂದು ಬಗೆಯ ವಾಕ್ಯಕ್ಕೆ. ಪೀಟರ್ ಗೋಲ್ವಿಟ್ಸರ್ ಅದನ್ನು ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ರೂಪದಲ್ಲಿ ಅಧ್ಯಯನ ಮಾಡಿದರು. ‘ಹೆಚ್ಚು ಓದುತ್ತೇನೆ’ ಎನ್ನುವುದು ಬರಿಯ ಆಸೆ. ‘ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೇಜಿನ ಮುಂದೆ ಕೂತು ಮೊದಲ ಪ್ರಶ್ನೆ ಬಿಡಿಸುತ್ತೇನೆ’ ಎನ್ನುವಾಗ ಯಾವಾಗ, ಎಲ್ಲಿ, ಏನು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಆ ಗಳಿಗೆ ಬಂದಾಗ ಮತ್ತೆ ಯೋಚಿಸಬೇಕಾಗಿಲ್ಲ. 2006ರಲ್ಲಿ ಗೋಲ್ವಿಟ್ಸರ್ ಮತ್ತು ಪ್ಯಾಸ್ಕಲ್ ಶೀರನ್ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗುರಿ ಮುಟ್ಟುವುದರ ಮೇಲೆ ಇದರ ಪರಿಣಾಮ ಮಧ್ಯಮಕ್ಕಿಂತ ಮೇಲಿನ ಮಟ್ಟದ್ದು ಎಂದು ಕಂಡಿತು. ಆದರೆ ಗುರಿಯ ಮೇಲೆ ನಿಜವಾದ ಮನಸ್ಸು ಇರಬೇಕು. ಮನಸ್ಸಿಲ್ಲದ ಗುರಿಗೆ ಇಂಥ ವಾಕ್ಯ ಕಟ್ಟಿದರೂ ಪ್ರಯೋಜನ ಕಡಿಮೆ ಎಂದು ಅದೇ ಸಂಶೋಧಕರ ಬೇರೊಂದು ಅಧ್ಯಯನ ತೋರಿಸಿದೆ. ಪರೀಕ್ಷೆಯಲ್ಲಿ ಈ ಮಿತಿಯನ್ನೂ ಬರೆಯಿರಿ; ಹೆಚ್ಚಿನ ಉತ್ತರಗಳಲ್ಲಿ ಬಿಟ್ಟುಹೋಗುವುದು ಅದೇ.