ನಾಲಿಗೆ ಕೆಳಗಿನ ಮಾತ್ರೆ ಏನು ಮಾಡುತ್ತದೆ?

ಚಿತ್ರದುರ್ಗದ ಕೋಟೆ ಹತ್ತುವಾಗ ಎದೆ ಹಿಡಿದುಕೊಂಡು, ಕೂತ ಮೇಲೆ ಬಿಟ್ಟರೆ ನಮ್ಮ ಕಡೆ ಮೊದಲು ಬರುವ ಮಾತು ‘ಗ್ಯಾಸ್’. ಎರಡನೆಯದು ಇನ್ನೂ ಅಪಾಯದ್ದು: ‘ಪಕ್ಕದ ಮನೇಲಿ ಸಾರ್ಬಿಟ್ರೇಟ್ ಇದೆ, ನಾಲಿಗೆ ಕೆಳಗೆ ಇಟ್ಕೊಳ್ಳಿ. ನೋವು ಹೋದ್ರೆ ಹಾರ್ಟು, ಹೋಗದಿದ್ರೆ ಗ್ಯಾಸು.’ ಈ ಲೆಕ್ಕ ಪೂರ್ತಿ ತಪ್ಪು. ಅನ್ನನಾಳ ಬಿಗಿದುಕೊಂಡು ಬರುವ ನೋವೂ ಇದೇ ಮಾತ್ರೆಗೆ ಇಳಿಯಬಹುದು. ನಿಜವಾದ ಹಾರ್ಟ್ ಅಟ್ಯಾಕ್‌ನ ನೋವು ಇಳಿಯದೆಯೂ ಇರಬಹುದು.

ಈ ಮಾತ್ರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವುದಿಲ್ಲ. ಅದರ ಕೆಲಸವೇ ಬೇರೆ, ಬಹಳ ಸೊಗಸಾದದ್ದು. ಸಾರ್ಬಿಟ್ರೇಟ್ ‘ನೈಟ್ರೇಟ್’ ಎಂಬ ಗುಂಪಿನ ಔಷಧಿ. ನೈಟ್ರೇಟ್‌ನಿಂದ ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ಹೃದಯದ ನಾಳಗಳೂ ಹಿಗ್ಗುತ್ತವೆ, ನಿಜ. ಆದರೆ ದೊಡ್ಡ ಲಾಭ ಆಗುವುದು ಹೃದಯಕ್ಕೆ ರಕ್ತವನ್ನು ವಾಪಸ್ ತರುವ ಅಭಿಧಮನಿಗಳಲ್ಲಿ. ಭದ್ರಾ ನಾಲೆಯ ನೀರು ದಾರಿಯಲ್ಲಿ ಅಗಲವಾದ ಕೆರೆಗೆ ಹರಡಿಕೊಂಡರೆ ಮುಂದಕ್ಕೆ ಹೋಗುವುದು ಕಡಿಮೆಯಾಗುತ್ತದೆ, ಅಲ್ವಾ? ಹಾಗೆಯೇ ರಕ್ತ ಕಾಲು, ಹೊಟ್ಟೆಯ ಕಡೆ ತಂಗುತ್ತದೆ. ಹೃದಯಕ್ಕೆ ಬಂದು ತುಂಬುವ ರಕ್ತ ಇಳಿಯುತ್ತದೆ. ಕೆಲಸ ಕಡಿಮೆಯಾಗಿ ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆಯಾಗುತ್ತದೆ. ನೋವು ಬಿಡುತ್ತದೆ.

ಕೂತೇ ತೆಗೆದುಕೊಳ್ಳಿ ಅನ್ನುವುದೂ ಇದಕ್ಕೇ. ನಿಂತವರಿಗೆ ಬಿಪಿ ದಿಢೀರನೆ ಇಳಿದು ತಲೆಸುತ್ತಿ ಬೀಳಬಹುದು. ಬಿಪಿ ಮೊದಲೇ ಕಡಿಮೆ ಇದ್ದವರಿಗೆ, ಹೃದಯದ ಬಲಭಾಗಕ್ಕೆ ಅಟ್ಯಾಕ್ ಆದವರಿಗೆ ಪ್ರಾಣಕ್ಕೇ ಕುತ್ತು. ಹೀಗಿರುವಾಗ ಪಕ್ಕದ ಮನೆಯ ಮಾತ್ರೆ ಬೇಡವೇ ಬೇಡ. ನಾಲಿಗೆ ಕೆಳಗಿನದ್ದನ್ನು ನುಂಗಲೂಬಾರದು. ನುಂಗಿದರೆ ನಿಧಾನ, ಮೇಲಾಗಿ ಬಹುಪಾಲನ್ನು ಲಿವರ್ ಮುರಿದು ಹಾಕುತ್ತದೆ.

ಈ ನೈಟ್ರೇಟ್‌ಗಳ ಕಥೆ ಹಳೆಯದು. 1847ರಲ್ಲಿ ಇಟಲಿಯ ರಸಾಯನಶಾಸ್ತ್ರಜ್ಞ ಅಸ್ಕಾನಿಯೊ ಸೊಬ್ರೆರೊ ಇದೇ ಗುಂಪಿನ ನೈಟ್ರೊಗ್ಲಿಸರಿನ್ ತಯಾರಿಸಿದ. ಚೂರು ನಾಲಿಗೆಗೆ ಮುಟ್ಟಿಸಿದರೂ ತಲೆ ಸಿಡಿಯುತ್ತದೆ ಎಂದು ಬರೆದಿಟ್ಟ. ಇವತ್ತಿಗೂ ಮಾತ್ರೆ ಇಟ್ಟುಕೊಂಡವರಿಗೆ ಬರುವುದು ಅದೇ ತಲೆನೋವು, ತಲೆಯ ನಾಳಗಳೂ ಹಿಗ್ಗುವುದರಿಂದ. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ಅದನ್ನು ಎದೆನೋವಿಗೆ ಬಳಸಿದ್ದನ್ನು ಪ್ರಕಟಿಸಿದ. ಅದೇ ವಸ್ತುವಿನಿಂದ ಡೈನಮೈಟ್ ಮಾಡಿದ ಆಲ್‌ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ವೈದ್ಯರು ಬರೆದುಕೊಟ್ಟ ಔಷಧಿಯೂ ಅದೇ. ನೈಟ್ರಿಕ್ ಆಕ್ಸೈಡ್‌ನ ಗುಟ್ಟು ಬಿಡಿಸಿದ ಮೂವರಿಗೆ 1998ರಲ್ಲಿ ಸಿಕ್ಕಿದ್ದು ನೊಬೆಲ್ ಬಹುಮಾನ!

ವೈದ್ಯರು ಬರೆದುಕೊಟ್ಟಿದ್ದರೆ ಕೂತು ಒಂದು ಮಾತ್ರೆ ಇಟ್ಟುಕೊಳ್ಳಿ. 5 ನಿಮಿಷದಲ್ಲಿ ನೋವು ಬಿಡದಿದ್ದರೆ, ಜಾಸ್ತಿಯಾದರೆ, 108ಕ್ಕೆ ಫೋನ್ ಮಾಡಿ. ದಾವಣಗೆರೆಯಲ್ಲಿ ಆಸ್ಪತ್ರೆ ಹತ್ತಿರವೇ ಇದೆಯಲ್ಲ ಎಂದು ನೀವೇ ಬೈಕ್ ಹತ್ತಬೇಡಿ.

ಇನ್ನೊಂದು ವಿಷಯ ನಾಚಿಕೆಯಿಂದ ಮುಚ್ಚಿಡುವಂಥದ್ದು. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ತೆಗೆದುಕೊಂಡಿದ್ದರೆ 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಮುಟ್ಟಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಎದೆನೋವೆಂದು ಆಂಬುಲೆನ್ಸ್ ಹತ್ತಿದ ತಕ್ಷಣ, ಅವರು ಕೇಳುವ ಮೊದಲೇ ಇದನ್ನು ಹೇಳಿಬಿಡಿ.