ಪದ ಪರಿಚಯ: ಹೊದಿಕೆ ಬೆಳೆ

ಹಿತ್ತಿಲ ಮಡಿಯಲ್ಲಿ ಹುರುಳಿ ಹೂ ಬಿಟ್ಟಿತ್ತು. ಕುಡುಗೋಲು ಹಿಡಿದು ಹೊರಟವನನ್ನು ಅಮ್ಮ ತಡೆದರು. "ಹೂ ಬಂದಿರೋ ಗಿಡಾನ ಯಾರಾದ್ರೂ ಕೊಯ್ತಾರೇನೋ? ಇನ್ನೊಂದೂವರೆ ತಿಂಗಳು ಬಿಟ್ರೆ ಸಾರಿಗಾಗುತ್ತೆ." ನಾನು ಅದನ್ನು ಬಿತ್ತಿದ್ದು ಹೊದಿಕೆ ಬೆಳೆ ಅಂತ. ಅಮ್ಮನ ಕಣ್ಣಿಗೆ ಅದು ಹುರುಳಿ ಸಾರು. ಬೀಜ ಒಂದೇ, ಮಡಿಯೂ ಒಂದೇ. ಯಾವಾಗ ಕೊಯ್ಯುತ್ತೀರಿ ಅನ್ನುವುದರ ಮೇಲೆ ಅದರ ಹೆಸರು ನಿಂತಿದೆ.

ಎರಡು ಬೆಳೆಗಳ ನಡುವಿನ ಬಿಡುವಿನಲ್ಲೋ, ಒಂದು ಬೆಳೆಯ ಸಾಲುಗಳ ಸಂದಿನಲ್ಲೋ ಮಣ್ಣು ಬರಿದಾಗಿ ಇರಬಾರದು ಅಂತ ಬೆಳೆಸುವುದೇ ಹೊದಿಕೆ ಬೆಳೆ. ಪದ ಬಂದಿರುವುದು 'ಹೊದೆ'ಯಿಂದ. ಕಂಬಳಿ ಹೊದೆಯುತ್ತೇವಲ್ಲ, ಅದೇ. ಇದರ ಅಕ್ಕಪಕ್ಕ ಇನ್ನೆರಡು ಮಾತುಗಳಿವೆ, ಜನ ಮೂರನ್ನೂ ಕಲಸಿಬಿಡುತ್ತಾರೆ. ಒಣ ಎಲೆ, ತೆಂಗಿನ ಗರಿ, ಹುಲ್ಲು ತಂದು ಗಿಡದ ಬುಡಕ್ಕೆ ಹಾಸಿದರೆ ಮುಚ್ಚಿಗೆ. ಗಿಡ ಹಸಿಯಾಗಿರುವಾಗಲೇ ಮಣ್ಣಿಗೆ ಸೇರಿಸಿದರೆ ಹಸಿರೆಲೆ ಗೊಬ್ಬರ. ನಮ್ಮ ಹುರುಳಿ ಬದುಕಿರುವಷ್ಟು ದಿನ ಹೊದಿಕೆ, ಕೊಯ್ದು ಅಲ್ಲೇ ಹರಡಿದ ದಿನ ಮುಚ್ಚಿಗೆ, ಗುದ್ದಲಿಯಿಂದ ಮಗುಚಿದರೆ ಹಸಿರೆಲೆ ಗೊಬ್ಬರ. ಒಬ್ಬನೇ ಮನುಷ್ಯ ಮನೇಲಿ ಅಪ್ಪ, ಆಫೀಸಲ್ಲಿ ಗುಮಾಸ್ತ, ಅತ್ತೆ ಮನೇಲಿ ಅಳಿಯ ಆದ ಹಾಗೆ.

ಈಗ ವಿಡಿಯೋಗಳಲ್ಲಿ ಕಾಣುವ ಹೊದಿಕೆ ಬೆಳೆ ಬಹುಪಾಲು ಚಳಿ ದೇಶಗಳದು. ಅಲ್ಲಿ ರೈ ಅನ್ನುವ ಧಾನ್ಯ, ಕ್ಲೋವರ್ ಅನ್ನುವ ಮೇವಿನ ಗಿಡ ಬಿತ್ತಿ ಚಳಿಗಾಲ ಕಳೆಯುತ್ತಾರೆ. ಯಾವ ತಿಂಗಳು ಬಿತ್ತಬೇಕು ಅನ್ನುವ ಅವರ ಪಟ್ಟಿ ನಮಗೆ ಕೆಲಸಕ್ಕೆ ಬರುವುದಿಲ್ಲ. ನಮ್ಮ ಮಣ್ಣಿಗೆ ಕಷ್ಟ ಏಪ್ರಿಲ್ ಬಿಸಿಲಿನಲ್ಲಿ, ಆಮೇಲೆ ಬೀಳುವ ಮೊದಲ ದಪ್ಪ ಹನಿಯ ಮಳೆಯಲ್ಲಿ. ಬರಿ ನೆಲಕ್ಕೆ ಅಂಥ ಮಳೆ ಬಿದ್ದ ಮಾರನೇ ದಿನ ಹಿತ್ತಿಲ ಗೋಡೆ ನೋಡಿ. ಮೊಣಕಾಲೆತ್ತರಕ್ಕೆ ಕೆಸರು ಸಿಡಿದಿರುತ್ತದೆ. ಎರಡು ದಿನ ಬಿಸಿಲು ಬಿದ್ದರೆ ನೆಲದ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಮುಂದಿನ ಮಳೆ ಒಳಗೆ ಇಳಿಯದೆ ಮೇಲೆ ಹರಿದು ಚರಂಡಿ ಸೇರುತ್ತದೆ. ಎಲೆ ಅಡ್ಡ ಇದ್ದರೆ ಹನಿಯ ಪೆಟ್ಟು ಎಲೆಗೆ, ನೀರು ಮಾತ್ರ ಮಣ್ಣಿಗೆ.

ಪದ ಹೊಸದಿರಬಹುದು, ಕೆಲಸ ಹೊಸದಲ್ಲ. ರಾಗಿ ಹೊಲದ ಅಕ್ಕಡಿ ಸಾಲು ಗೊತ್ತಲ್ವಾ? ಹತ್ತಾರು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ರಾಗಿ ಕೊಯ್ದ ಮೇಲೂ ಅವರೆ ಬಳ್ಳಿ ಅಲ್ಲೇ ಹಬ್ಬಿಕೊಂಡು ಸಂಕ್ರಾಂತಿವರೆಗೆ ನೆಲ ಕಾಯುತ್ತದೆ, ಜೊತೆಗೆ ಸೊಗಡವರೆ ಕಾಯಿ ಕೊಡುತ್ತದೆ. ಕರಾವಳಿಯಲ್ಲಿ ಭತ್ತ ಕೊಯ್ದ ಗದ್ದೆಗೆ ಉಳಿದ ತೇವದಲ್ಲೇ ಉದ್ದು, ಹೆಸರು ಬಿತ್ತುತ್ತಾರೆ. ಯಾರೂ ಅದನ್ನು ಹೊದಿಕೆ ಬೆಳೆ ಅನ್ನುವುದಿಲ್ಲ, ಅಷ್ಟೇ.

ಹೊದಿಕೆಗೆ ಅಂತಲೇ ಬೆಳೆಯುವುದಾದರೆ ಸೆಣಬು (ಗೋಣಿಚೀಲದ ಸೆಣಬಲ್ಲ, ಸನ್ ಹೆಂಪ್) ಸುಲಭ. ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿಗೆ ಎರಡು ಹಿಡಿ ಬೀಜ ಎರಚಿ ಮಣ್ಣು ಕೆದಕಿದರೆ ಸಾಕು. ಆರೇಳು ವಾರದಲ್ಲಿ ಎದೆಯೆತ್ತರ ಬಂದು ಹಳದಿ ಹೂ ಬಿಡಲು ಶುರು ಮಾಡುತ್ತದೆ. ಆಗಲೇ ಕೊಯ್ಯಬೇಕು. ಮೊದಲ ವರ್ಷ ನಾನು ಕೊಯ್ಯಲಿಲ್ಲ. ಹೂ ಚೆನ್ನಾಗಿದೆ, ಜೇನು ಬರ್ತಿದೆ ಅಂತ ಸುಮ್ನೆ ಬಿಟ್ಟೆ. ಕಾಯಿ ಒಣಗಿ, ಗಿಡ ಅಲ್ಲಾಡಿಸಿದರೆ ಗಿಲಕಿ ಹಾಗೆ ಗಿಲಗಿಲ ಅನ್ನತೊಡಗಿದಾಗ ಕುಡುಗೋಲು ಹಾಕಿದೆ. ಕತ್ತರಿಸಲೇ ಇಲ್ಲ, ನಾರು ನಾರಾಗಿ ಸುಲಿದು ಬಂತು. ಹಗ್ಗ ಹೊಸೆಯುವ ಗಿಡ ಅಲ್ವಾ ಅದು! ಮಚ್ಚಿನಿಂದ ಕೊಚ್ಚಿ ಮಣ್ಣಿಗೆ ಸೇರಿಸಿ, ಮಾರನೇ ದಿನವೇ ಮೆಂತ್ಯ ಬಿತ್ತಿದೆ. ಸೊಪ್ಪು ಎರಡೆಲೆಯಲ್ಲೇ ಹಳದಿ ತಿರುಗಿ ನಿಂತಿತು. ಬಲಿತ ಕಡ್ಡಿ ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಅವು ಮಣ್ಣಿನಲ್ಲಿದ್ದದ್ದನ್ನೇ ಎಳೆದುಕೊಳ್ಳುತ್ತವೆ. ಎಳೆಯ ಗಿಡವನ್ನೇ ಮಗುಚಿದರೂ ಎರಡು ಮೂರು ವಾರ ಬಿಟ್ಟು ಬಿತ್ತಬೇಕು. ಮಗುಚದೆ ಮೇಲೇ ಹರಡಿದರೆ ಇಷ್ಟು ಕಾಯಬೇಕಿಲ್ಲ. ಹಾಸು ಸರಿಸಿ ಬದನೆ, ಟೊಮ್ಯಾಟೊ ಸಸಿ ನೆಡಬಹುದು. ದಂಟು, ಕೊತ್ತಂಬರಿಯಂಥ ಸಣ್ಣ ಬೀಜ ಮಾತ್ರ ಆ ಹಾಸಿನಡಿಯಿಂದ ಮೇಲೇಳುವುದಿಲ್ಲ.

ಹೂ ಬಂದಾಗಲೇ ಏಕೆ ಅನ್ನುವುದು ಬೇರು ನೋಡಿದರೆ ಗೊತ್ತಾಗುತ್ತದೆ. ಹೂ ಬಿಡುತ್ತಿರುವ ಹುರುಳಿ ಅಥವಾ ಅಲಸಂದೆಯ ಒಂದು ಗಿಡವನ್ನು ಮಣ್ಣು ಸಡಿಲಿಸಿ, ಮೆಲ್ಲಗೆ ಎತ್ತಿ, ಬಕೆಟ್ ನೀರಿನಲ್ಲಿ ಅಲುಗಿಸಿ. ಬೇರಿಗೆ ರಾಗಿ ಕಾಳಿನಷ್ಟು, ಸಾಸಿವೆಯಷ್ಟು, ಕೆಲವು ಮೆಣಸಿನ ಕಾಳಿನಷ್ಟು ಗಂಟುಗಳು ಅಂಟಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಹಸಿ ಮಾಂಸದಂಥ ಕೆಂಪು ಕಂಡರೆ ಅಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ ಅಂತ ಅರ್ಥ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಹತ್ತಿರದ ನೆಂಟ. ಬಿಳಿ ಇದ್ದರೆ ಕೆಲಸ ಶುರುವಾಗಿಲ್ಲ, ಬೂದು ಹಸಿರಾಗಿದ್ದರೆ ಮುಗಿದಿದೆ.

ಗಂಟು ಮಣ್ಣಿಗೆ ಗೊಬ್ಬರ ಸುರಿಯುತ್ತದೆ ಅಂದುಕೊಂಡವರು ಬಹಳ. ಹಾಗಲ್ಲ. ಹಿಡಿದ ಸಾರಜನಕದ ಬಹುಪಾಲು ಮೊದಲು ಎಲೆ ದಂಟಿಗೆ ಹೋಗುತ್ತದೆ, ಕಾಯಿ ಕಟ್ಟಿದ ಮೇಲೆ ಅಲ್ಲಿಂದ ಕಾಳಿಗೆ. 1 ಕೆ.ಜಿ. ಹುರುಳಿಯಲ್ಲಿ ಸುಮಾರು 220 ಗ್ರಾಂ ಪ್ರೋಟೀನ್ ಇದೆ. ಸಾರಜನಕದ ಲೆಕ್ಕದಲ್ಲಿ ಅದು 35 ಗ್ರಾಂ. ಕಾಳು ಡಬ್ಬಿಗೆ ಬಂದರೆ ಅದೂ ಡಬ್ಬಿಗೆ ಬಂತು. ಹೂವಿನ ಹೊತ್ತಿಗೆ ಕೊಯ್ದು ಅಲ್ಲೇ ಹಾಸಿದರೆ ಬಹುಪಾಲು ಮಡಿಯಲ್ಲೇ ಉಳಿಯುತ್ತದೆ. ಬುಡದಲ್ಲಿ ಕತ್ತರಿಸಿ, ಬೇರು ಕೀಳಬೇಡಿ.

ಬೀಜಕ್ಕೆ ಅಂಗಡಿ ಹುಡುಕಬೇಕಿಲ್ಲ. ಅಡುಗೆಮನೆಯ ಅಲಸಂದೆ, ಹೆಸರುಕಾಳು, ಹುರುಳಿ, ಜೋಳ, ಸಜ್ಜೆ ಎಲ್ಲ ಬೆರೆಸಿ ಎರಚಬಹುದು. ಇಡೀ ಕಾಳೇ ಆಗಿರಬೇಕು. ತೊಗರಿ ಬೇಳೆ ಬಿತ್ತಿ ಮೂರು ವಾರ ನೀರು ಹಾಕಿದವರೊಬ್ಬರು ನನಗೆ ಗೊತ್ತು. ನಮ್ಮ ಮನೆಯವರೇ, ಹೆಸರು ಬೇಡ.

ಇನ್ನು ಧಾನ್ಯದ ಮಾತು. ಹೊದಿಕೆಯ ಸರದಿ ಮುಗಿದ ಮಡಿಗೆ ರಾಗಿ ಚೆನ್ನಾಗಿ ಹೊಂದುತ್ತದೆ. ಭರಣಿ ಮಳೆಗೆ (ಏಪ್ರಿಲ್ ಕೊನೆ, ಮೇ ಮೊದಲಿಗೆ) ಸೆಣಬು ಬಿತ್ತಿದರೆ ಜೂನ್ ಕೊನೆಗೆ ಕೊಯ್ಲು, ಜುಲೈ ಮಧ್ಯಕ್ಕೆ ರಾಗಿ ಪೈರು ನಾಟಿ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿ ಹಿತ್ತಿಲಿಗೆ ಹೇಳಿ ಮಾಡಿಸಿದಂತಿದೆ. ಒಂದೂವರೆ ಅಡಿಗೊಂದು ಗುಳಿ, ಪ್ರತಿ ಗುಳಿಗೆ ಹಿಡಿ ಗೊಬ್ಬರ, ಎರಡು ಪೈರು. ಅಲ್ಲಿ ಪೈರಿನ ಮೇಲೆ ಕೊರಡು (ಮರದ ದಿಮ್ಮಿ) ಎಳೆದು ಬಾಗಿಸುತ್ತಾರೆ, ತೆಂಡೆ, ಅಂದರೆ ಬುಡದಿಂದ ಬರುವ ಪಕ್ಕದ ಕವಲು, ಜಾಸ್ತಿ ಒಡೆಯಲಿ ಅಂತ. ನಾನು ಹಲಗೆ ತುಂಡಿನಿಂದ ಒತ್ತಿದೆ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ನೋಡಿ "ಏನ್ ಸಾರ್, ಕೋಪಾನಾ?" ಅಂದರು.

ತೆನೆಗಳು ಒಟ್ಟಿಗೆ ಬಲಿಯುವುದಿಲ್ಲ. ನಡುವಿನ ಕಡ್ಡಿಯದು ಮೊದಲು, ತೆಂಡೆಯವು ವಾರ ಹತ್ತು ದಿನ ತಡ. ಹೊಲದಲ್ಲಿ ಒಂದೇ ಸಲ ಕೊಯ್ಯುತ್ತಾರೆ, ಹಿತ್ತಿಲಲ್ಲಿ ಎರಡು ಸಲ ಕೊಯ್ಯುವ ಪುರುಸೊತ್ತು ಇರುತ್ತದೆ. ತೆನೆಯನ್ನು ಅಂಗೈಯಲ್ಲಿ ಉಜ್ಜಿದಾಗ ಕಾಳು ಇಟ್ಟಿಗೆ ಬಣ್ಣದಲ್ಲಿ ಉದುರಬೇಕು, ಹಲ್ಲಿಗೆ ಕಟ್ ಅನ್ನಬೇಕು. ತಡ ಮಾಡಿದರೆ ರಾಟವಾಳ ಹಕ್ಕಿಗಳು ಹಿಂಡಾಗಿ ಬಂದು ಮೊದಲು ಕೊಯ್ದುಕೊಳ್ಳುತ್ತವೆ. ನಾಲ್ಕು ದಿನ ಒಣಗಿಸಿ, ಗೋಣಿಚೀಲದ ಮೇಲೆ ಬಡಿದು, ಮೊರದಲ್ಲಿ ಕೇರಿದರೆ ಆಯಿತು. ಎಕರೆಗೆ 12 ಕ್ವಿಂಟಾಲ್ ಬರುವ ಹೊಲದ ಲೆಕ್ಕ ಹಿಡಿದರೆ 100 ಚದರ ಅಡಿಗೆ ಮೂರು ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ನಾಲ್ಕು ಜನರ ಮನೆಗೆ ದಿನಕ್ಕೊಂದೊಂದು ಮುದ್ದೆಯಂತೆ ಒಂದು ವಾರ. ದುಡ್ಡಿನ ಲೆಕ್ಕ ಹಾಕುವವರು ಈ ಕೆಲಸಕ್ಕೆ ಬರಬೇಡಿ.

ಅಮ್ಮನ ಜೊತೆ ಹುರುಳಿಯ ತಕರಾರು ಮಡಿಗೆ ಹಗ್ಗ ಎಳೆದು ಮುಗಿಯಿತು. ಬೇಲಿ ಕಡೆ ಅರ್ಧ ನಾನು ಕೊಯ್ದು ಹಾಸಿದೆ. ಬಾವಿ ಕಡೆ ಅರ್ಧ ಅವರು ಬಿಟ್ಟುಕೊಂಡರು. ಅವರಿಗೆ ಒಂದೂವರೆ ಪಾವು ಹುರುಳಿ ಸಿಕ್ಕಿತು. ಕಟ್ಟಿನ ಸಾರು ಮಾಡಿ, ನನಗೆ ಬಡಿಸುವಾಗ ಸೌಟು ಅರ್ಧಕ್ಕೇ ನಿಲ್ಲಿಸಿ, "ನಿನ್ ಪಾಲು ಮಣ್ಣಿಗೆ ಹಾಕಿದೀಯಲ್ಲ" ಅಂದರು.